ಗಣಕಯಂತ್ರದ ಕಾವಲು: ವಿಷಯದ ಆಯ್ಕೆ

ಗಣಕಯಂತ್ರಗಳ ಭದ್ರತೆಯನ್ನು ಕುರಿತು ಪ್ರಬಂಧ ಬರೆಯಹೊರಟ ವಿದ್ಯಾರ್ಥಿಗಳು ಮೊದಲು ಆರಿಸುವ ವಿಷಯ ಸಾಮಾನ್ಯವಾಗಿ ಬೆಟ್ಟದಷ್ಟು ದೊಡ್ಡದಾಗಿರುತ್ತದೆ. 'ಜಗತ್ತಿನ ಗಣಕಯಂತ್ರಗಳ ರಕ್ಷಣೆ' ಎಂಬ ತಲೆಬರಹದಡಿ ಹತ್ತು ಪುಟಗಳನ್ನು ಸುಲಭವಾಗಿ ತುಂಬಬಹುದು. ಬರೆದವರು ತಾವೇ ಕಂಡುಕೊಂಡ ಸಂಗತಿ ಮಾತ್ರ ಅದರಲ್ಲಿ ಒಂದೂ ಇರುವುದಿಲ್ಲ. ಕಾಪಾಡಬೇಕಾದ ವಸ್ತು ಯಾವುದು, ಅದಕ್ಕೆ ಯಾರಿಂದ ಭಯ, ಈಗಿರುವ ಕಾವಲು ಸಾಕೇ ಎಂದು ಕೇಳಿಕೊಂಡರೆ ವಿಷಯ ತಾನಾಗಿಯೇ ಚಿಕ್ಕದಾಗುತ್ತದೆ.

ಗೌರಿಬಿದನೂರು ತಾಲ್ಲೂಕಿನ ನಗರಗೆರೆಯ ವಿದ್ಯಾರ್ಥಿನಿಯೊಬ್ಬಳು ಇಂಥ ವಿಷಯಕ್ಕಾಗಿ ದೂರ ಹೋಗಬೇಕಾಗಿಲ್ಲ. ಹೊಲವುಳ್ಳ ಮನೆಗಳಲ್ಲೆಲ್ಲ ಪಹಣಿ ಇದ್ದೇ ಇರುತ್ತದೆ. ಹಿಂದೆ ಅದರ ಮೂಲವು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಅಲ್ಲಿ ಒಂದು ಹೆಸರನ್ನು ತಿದ್ದಿದರೆ ಒಂದು ಸಂಸಾರದ ಅನ್ನವೇ ಕೈತಪ್ಪುವ ಭಯವಿತ್ತು. ೨೦೦೦ದ ಸುಮಾರಿಗೆ ಕರ್ನಾಟಕ ಸರ್ಕಾರವು 'ಭೂಮಿ' ಯೋಜನೆಯ ಮೂಲಕ ಈ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ದಾಖಲೆಯನ್ನು ಬದಲಾಯಿಸುವ ನೌಕರರು ಮೊದಲು ತಮ್ಮ ಬೆರಳ ಗುರುತನ್ನು ಒತ್ತಬೇಕೆಂಬ ಏರ್ಪಾಡಾಯಿತು. ಗುಪ್ತಪದವನ್ನು ಇನ್ನೊಬ್ಬರ ಕಿವಿಯಲ್ಲಿ ಹೇಳಬಹುದು. ಬೆರಳನ್ನು ಎರವಲು ಕೊಡುವುದು ಅಷ್ಟು ಸುಲಭವಲ್ಲ. ಹೀಗಾಗಿ 'ಈ ತಿದ್ದುಪಡಿ ನನ್ನದಲ್ಲ' ಎಂದು ಜಾರಿಕೊಳ್ಳುವ ದಾರಿ ಕಿರಿದಾಯಿತು. ತಿದ್ದಿದವರು ಯಾರೆಂಬುದು ಕಾಗದದ ಪಹಣಿಯಲ್ಲಿ ಹೇಗೆ ತಿಳಿಯುತ್ತಿತ್ತು, ಗಣಕಯಂತ್ರದಲ್ಲಿ ಹೇಗೆ ತಿಳಿಯುತ್ತದೆ ಎಂಬ ಒಂದೇ ಪ್ರಶ್ನೆ ಪ್ರಬಂಧಕ್ಕೆ ಸಾಕು.

ಚಿಕ್ಕ ಪ್ರಶ್ನೆಯೆಂದು ಹಿಂಜರಿಯಬೇಕಾಗಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್, ಜನರು ಎಂಥ ಗುಪ್ತಪದಗಳನ್ನು ಆರಿಸುತ್ತಾರೆಂಬುದನ್ನು ಎಣಿಸಿ ನೋಡಿ ೧೯೭೯ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷಿಸಿದ ೩,೨೮೯ ಗುಪ್ತಪದಗಳಲ್ಲಿ ೧೫ ಒಂದೇ ಅಕ್ಷರದವು! ೭೨ ಎರಡು ಅಕ್ಷರದವು. ಒಟ್ಟಿನಲ್ಲಿ ಶೇಕಡ ೮೬ರಷ್ಟು ತೀರ ಚಿಕ್ಕವು, ಇಲ್ಲವೇ ನಿಘಂಟುಗಳಲ್ಲಿ, ಹೆಸರುಗಳ ಪಟ್ಟಿಗಳಲ್ಲಿ ಸಿಕ್ಕಿಬೀಳುವಂಥವು.

ಇದೇ ಮಾರಿಸರ ಮಗ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ೧೯೮೮ರ ನವೆಂಬರ್ ೨ರಂದು, ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ಒಂದು ಕ್ರಮವಿಧಿಯನ್ನು ಹೊರಬಿಟ್ಟನು. ಅದು ಬಳಸಿದ ಉಪಾಯಗಳಲ್ಲಿ ದುರ್ಬಲ ಗುಪ್ತಪದಗಳನ್ನು ಊಹಿಸುವುದೂ ಒಂದು. ಎಣಿಸಿದ್ದಕ್ಕಿಂತ ವೇಗವಾಗಿ ಹಬ್ಬಿದ ಅದು ಸಾವಿರಾರು ಯಂತ್ರಗಳನ್ನು ಸ್ತಬ್ಧಗೊಳಿಸಿತು. ೧೯೯೦ರಲ್ಲಿ ನ್ಯಾಯಾಲಯವು ಅವನನ್ನು ಮೂರು ವರ್ಷಗಳ ನಿಗಾದಲ್ಲಿರಿಸಿ, ೪೦೦ ಗಂಟೆಗಳ ಸಮಾಜಸೇವೆಯನ್ನೂ ದಂಡವನ್ನೂ ವಿಧಿಸಿತು. ತಂದೆ ಎಣಿಸಿ ತೋರಿಸಿದ ದೌರ್ಬಲ್ಯವನ್ನೇ ಮಗ ಪರರ ಯಂತ್ರಗಳ ಮೇಲೆ ಪ್ರಯೋಗಿಸಿದ್ದನು. ಭಾರತದಲ್ಲಿಯೂ ಅನುಮತಿಯಿಲ್ಲದೆ ಇತರರ ಗಣಕಯಂತ್ರವನ್ನು ಪ್ರವೇಶಿಸುವುದನ್ನು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆ ನಿಷೇಧಿಸುತ್ತದೆ. ಸಹಪಾಠಿಗಳ ಗುಪ್ತಪದಗಳನ್ನು ಕೇಳಿ ಬರೆದುಕೊಳ್ಳುವುದೂ ಸಲ್ಲದು. ಅದರಲ್ಲಿ ಎಷ್ಟು ಅಕ್ಷರಗಳಿವೆ, ಮನೆಯಲ್ಲಿ ಎಷ್ಟು ಮಂದಿ ಅದನ್ನು ಬಲ್ಲರು ಎಂದು, ಹೆಸರು ಬರೆದುಕೊಳ್ಳದೆ ಕೇಳಬಹುದು.

ಕಾವಲು ಕಳ್ಳನನ್ನು ತಡೆಯುವಂತೆ ಕೆಲವೊಮ್ಮೆ ಹಕ್ಕುದಾರನನ್ನೂ ತಡೆಯುತ್ತದೆ. ಇದು ಬಹುಮಂದಿಯ ಕಣ್ಣಿಗೆ ಬೀಳದ ವಿಷಯ. ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳ ಗುರುತನ್ನು ಓದುವ ಯಂತ್ರವುಂಟು. ಕಳೆ ಕಿತ್ತು, ಕಲ್ಲು ಹೊತ್ತು ಬೆರಳ ಗೆರೆಗಳು ಸವೆದವರನ್ನು ಅದು ಒಮ್ಮೊಮ್ಮೆ ಗುರುತಿಸದು. ಅಂಗಡಿಯವರ ಒಪ್ಪಿಗೆ ಪಡೆದು ವಿದ್ಯಾರ್ಥಿನಿಯು ಒಂದು ದಿನ ಅಲ್ಲಿ ಕುಳಿತು, ಮೊದಲ ಸಲಕ್ಕೇ ಅಕ್ಕಿ ಪಡೆದವರೆಷ್ಟು, ಮೂರು ಸಲ ಬೆರಳೊತ್ತಿದವರೆಷ್ಟು, ಬರಿಯ ಚೀಲದೊಡನೆ ಹಿಂದಿರುಗಿದವರೆಷ್ಟು ಎಂದು ಗೆರೆ ಹಾಕಿ ಎಣಿಸಬಹುದು.