ಏರುವುದಕ್ಕೂ ಮೊದಲು ಕಾಯಬೇಕು

ಯಶವಂತಪುರದಲ್ಲಿ ಸಂಪರ್ಕ ಕ್ರಾಂತಿ ಹತ್ತಿದರೆ ಚಂಡೀಗಢ, ಅಲ್ಲಿಂದ ಬಸ್ಸು ಹಿಡಿದರೆ ಹಿಮಾಚಲದ ಕಸೋಲ್. ಬೇಸಿಗೆಯಲ್ಲಿ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಸಾರ್ ಪಾಸ್ ಚಾರಣಕ್ಕೆ ಡೇರೆ ಹಾಕುವುದು ಇಲ್ಲೇ. ಯಲಹಂಕ, ಹೆಬ್ಬಾಳದಿಂದ ಮೊದಲ ಸಲ ಹೊರಟ ಹುಡುಗರು ಶೂ, ಜಾಕೆಟ್ಟುಗಳ ಬಗ್ಗೆ ಹತ್ತು ಜನರನ್ನು ಕೇಳಿರುತ್ತಾರೆ. ಆದರೆ ಶಿಬಿರದಲ್ಲಿ ಮೊದಲು ಎದುರಾಗುವುದು ಕಾಯುವ ಕೆಲಸ. ವೈದ್ಯಕೀಯ ಪ್ರಮಾಣಪತ್ರದ ತಪಾಸಣೆಯಾಗಬೇಕು, ಹತ್ತಿರದ ಗುಡ್ಡ ಹತ್ತಿಳಿಯಬೇಕು, ಬಂಡೆಯ ಮೇಲೆ ಹಗ್ಗದ ಅಭ್ಯಾಸ ಮುಗಿಯಬೇಕು. ಊಟಕ್ಕೆ ತಟ್ಟೆ ಲೋಟ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಆಮೇಲೆ ಕೈ ಮರಗಟ್ಟಿಸುವ ನೀರಿನಲ್ಲಿ ಅವನ್ನು ತಾವೇ ತೊಳೆಯಬೇಕು. ಸಿಗರೇಟು, ಮದ್ಯ ಸೇರಿಸುವುದಿಲ್ಲ. ಮೇಲಿನ ಕ್ಯಾಂಪುಗಳಲ್ಲಿ ಫೋನನ್ನು ನೆಚ್ಚುವಂತಿಲ್ಲ.

ಸಿಗುವುದೇ ನಾಲ್ಕು ದಿನ ರಜೆ, ಅದರಲ್ಲಿ ಇದೆಲ್ಲ ದಂಡ ಎನ್ನುವವರಿದ್ದಾರೆ. ವಾರವಾರ ನಂದಿ ಬೆಟ್ಟ ಹತ್ತಿದವರಿಗೆ ಇನ್ನೇನು ತಯಾರಿ ಎಂಬ ಪ್ರಶ್ನೆಯೂ ಇದೆ. ನಂದಿ ಕಾಲಿಗೆ ಕಸುವು ಕೊಡುತ್ತದೆ, ನಿಜ. ಆದರೆ ಅದರ ಎತ್ತರ 1,478 ಮೀಟರ್. ಸಾರ್ ಪಾಸ್ ಸುಮಾರು 4,200. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ 60ರ ಆಸುಪಾಸು. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ ಯಾರನ್ನೂ ಹಿಡಿಯಬಹುದು, ಮ್ಯಾರಥಾನ್ ಓಡುವವರನ್ನೂ. ಮೈ ಒಗ್ಗುವುದಕ್ಕೆ ದಿನಗಳೇ ಬೇಕು. ಅಲ್ಲಿ ಅವಸರ ನಡೆಯದು. ನನಗೆ ಹೆಚ್ಚು ಭಯ ಹುಟ್ಟಿಸುವುದು ತಲೆನೋವಲ್ಲ, ವಾಪಸು ಕಳಿಸಿಬಿಟ್ಟಾರೆಂದು ಅದನ್ನು ಮುಚ್ಚಿಡುವ ಸ್ವಭಾವ. ತೀರಾ ಎಳೆಯರಲ್ಲಿ ಅದು ಇನ್ನೂ ಜಾಸ್ತಿ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಚಾರಣ ತಂಡದ ಒಂಬತ್ತು ಮಂದಿ ತೀರಿಕೊಂಡರು. ರಕ್ಷಣಾ ಕಾರ್ಯದ ಉಸ್ತುವಾರಿಗೆ ಹೋದವರು ಬ್ಯಾಟರಾಯನಪುರದ ಶಾಸಕ, ಸಚಿವ ಕೃಷ್ಣ ಬೈರೇಗೌಡರು. ಅನುಭವಿಗಳಿದ್ದ ತಂಡಕ್ಕೇ ಹೀಗಾದರೆ ಶಿಬಿರದ ಶಿಸ್ತಿನಿಂದ ಏನು ಪ್ರಯೋಜನ ಎಂದು ತಂದೆತಾಯಿ ಕೇಳುವುದು ಸಹಜ. ಹವಾಮಾನವನ್ನು ಯಾವ ನಿಯಮವೂ ತಡೆಯದು. ಹಾಗೆಂದು ಮಕ್ಕಳನ್ನು ಮನೆಯಲ್ಲೇ ಕೂರಿಸಿಕೊಳ್ಳುವುದು ಉತ್ತರವಲ್ಲ. ದುಡ್ಡು ಕಟ್ಟುವ ಮೊದಲು ಆಯೋಜಕರನ್ನು ವಿಚಾರಿಸಲಿ: ಮೈ ಒಗ್ಗಿಸಲು ಎಷ್ಟು ದಿನ ಕೊಡುತ್ತೀರಿ, ಹಿಂತಿರುಗುವ ತೀರ್ಮಾನ ಯಾರದು, ಕಾಯಿಲೆ ಬಿದ್ದವರನ್ನು ಹೇಗೆ ಕೆಳಗಿಳಿಸುತ್ತೀರಿ? ತಡವರಿಸದೆ ಉತ್ತರ ಕೊಡುವವರ ಶಿಬಿರಕ್ಕೆ ಕಳಿಸಬಹುದು. ಅರ್ಧದಿಂದ ಮರಳಿದರೆ ನಾವು ಬೈಯುವುದಿಲ್ಲ ಎಂಬ ಮಾತನ್ನು ಮಕ್ಕಳಿಗೆ ರೈಲು ಹತ್ತಿಸುವ ಮುಂಚೆಯೇ ಹೇಳಿಬಿಡಬೇಕು. ಮೇಲೆ ಹೋದಮೇಲೆ ಹೇಳುವುದಕ್ಕೆ ಫೋನು ಸಿಗುವುದಿಲ್ಲ.