ಗ್ರೈಟ್ಸ್ ಅರಮನೆಗಳಲ್ಲಿ ಉಳಿದ ನಗೆ

ಜರ್ಮನಿಯ ಥುರಿಂಗಿಯ ಪ್ರಾಂತದಲ್ಲಿ, ಎಲ್ಸ್ಟರ್ ನದಿಯ ತಡಿಯಲ್ಲಿ, ಗ್ರೈಟ್ಸ್ ಎಂಬ ಸಣ್ಣ ಊರೊಂದಿದೆ. 1918ರವರೆಗೆ ಅದು ರಾಯ್ಸ್ ವಂಶದ ಹಿರಿಯ ಶಾಖೆಯವರ ರಾಜಧಾನಿ. ಸಂಸ್ಥಾನದ ವಿಸ್ತೀರ್ಣ ಸುಮಾರು 317 ಚದರ ಕಿಲೋಮೀಟರು ಮಾತ್ರ. ಆ ಮನೆತನದ ಗಂಡುಮಕ್ಕಳಿಗೆಲ್ಲ ಹೈನ್ರಿಖ್ ಎಂಬುದೊಂದೇ ಹೆಸರು. ಪಟ್ಟವೇರದವರಿಗೂ ಒಂದೊಂದು ಅಂಕೆ. ನೂರು ಮುಟ್ಟಿದರೆ ಮತ್ತೆ ಒಂದರಿಂದ ಎಣಿಸಬೇಕೆಂಬುದು ನಿಯಮ. ಇದನ್ನು ಮೊದಲು ಓದಿದಾಗ ನಾನು ನಕ್ಕಿದ್ದೆ. ಅಲ್ಲಿನ ಅರಮನೆಗಳನ್ನು ಕಂಡ ಮೇಲೆ ಆ ನಗೆ ಬೇರೊಂದು ಬಗೆಯದಾಯಿತು.

ಅರಮನೆಗಳು ಮೂರು. ಗುಡ್ಡದ ನೆತ್ತಿಯ ಮೇಲಿನದೊಂದು. ಊರೊಳಗಿನ ಕೆಳಗಿನ ಅರಮನೆಯೊಂದು—1802ರ ಬೆಂಕಿಯಲ್ಲಿ ಅಳಿದು ಮತ್ತೆ ಎದ್ದದ್ದು. ಇವೆರಡೂ ಈಗ ವಸ್ತುಸಂಗ್ರಹಾಲಯಗಳು. ಮೂರನೆಯದು ಉದ್ಯಾನದೊಳಗೆ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ ಬೇಸಗೆಯ ಅರಮನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ಅಲ್ಲಿರುವುದು ಸಿಂಹಾಸನವಲ್ಲ, ಪುಸ್ತಕಗಳು, ತಾಮ್ರದ ತಗಡಿನಿಂದ ಅಚ್ಚೊತ್ತಿದ ಚಿತ್ರಗಳು. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮಗಳು ಎಲಿಜಬೆತ್ 1818ರಲ್ಲಿ ಹೆಸ್ಸೆ-ಹೊಂಬುರ್ಗ್ ಮನೆತನಕ್ಕೆ ಸೊಸೆಯಾಗಿ ಬಂದಳು. ಅವಳು ಅಕ್ಕರೆಯಿಂದ ಕೂಡಿಸಿದ ಸಂಗ್ರಹವು, 1840ರಲ್ಲಿ ಅವಳು ತೀರಿಕೊಂಡ ಬಳಿಕ, ಅದೇ ಮನೆತನದಿಂದ ಗ್ರೈಟ್ಸಿಗೆ ಸೊಸೆಯಾಗಿ ಬಂದ ಕಾರೊಲೀನಳ ಪಾಲಿಗೆ ಬಂತು.

ಈ ಕಾರೊಲೀನಳೇ 1859ರಲ್ಲಿ ವಿಧವೆಯಾಗಿ, ಎಳೆಯ ಮಗನ ಪರವಾಗಿ ರಾಜ್ಯವಾಳಿದವಳು. 1866ರಲ್ಲಿ ಆಸ್ಟ್ರಿಯದ ಪಕ್ಷ ಹಿಡಿದಳು. ಪ್ರಷ್ಯದ ಸೈನ್ಯ ಬಂದು ಊರನ್ನು ಆಕ್ರಮಿಸಿತು. ಆ ಮಗ, ಇಪ್ಪತ್ತೆರಡನೆಯ ಹೈನ್ರಿಖ್, ಸಾಯುವವರೆಗೂ ಪ್ರಷ್ಯದ ಕಡು ವಿರೋಧಿ. ವಿಧಿಯ ಲೀಲೆ ನೋಡಿ: ಅವನ ಮಗಳು ಹೆರ್ಮೀನ್, 1922ರಲ್ಲಿ, ಪದಚ್ಯುತನಾಗಿ ಹಾಲೆಂಡಿನಲ್ಲಿದ್ದ ಪ್ರಷ್ಯದ ದೊರೆ ಎರಡನೆಯ ವಿಲ್ಹೆಲ್ಮನ ಕೈಹಿಡಿದಳು. ಅಷ್ಟು ಹೊತ್ತಿಗೆ ಗೆದ್ದವನಿಗೂ ರಾಜ್ಯವಿರಲಿಲ್ಲ, ಸೋತವರಿಗೂ ಇರಲಿಲ್ಲ.

1975ರಲ್ಲಿ ಪೂರ್ವ ಜರ್ಮನಿಯ ಆಡಳಿತವು ಇದೇ ಅರಮನೆಯಲ್ಲಿ ವ್ಯಂಗ್ಯಚಿತ್ರಗಳ ಸಂಗ್ರಹವೊಂದನ್ನು ತೆರೆಯಿತು. ಬಿಗಿಮೋರೆಯ ಆ ರಾಜ್ಯವೂ 1990ರಲ್ಲಿ ಇಲ್ಲವಾಯಿತು. ಚಿತ್ರಗಳು ಮಾತ್ರ ಗೋಡೆಯ ಮೇಲೆ ಹಾಗೆಯೇ ನಗುತ್ತಿವೆ.

ಕೋಟೆಗಳನ್ನು ಕಟ್ಟಿದವರು ಉಳಿಸಲೆಳಸಿದ್ದು ಹೆಸರನ್ನು. ಅದು ಅಂಕೆಗಳ ಪಟ್ಟಿಯಾಗಿ ಮುಗಿಯಿತು. ಉಳಿದದ್ದು ಒಬ್ಬ ಹೆಂಗಸು ಕೂಡಿಸಿ, ಇನ್ನೊಬ್ಬಳು ಜೋಪಾನಮಾಡಿದ ಕಾಗದ. ಹೊರಗೆ ಬಂದು ಮುಂಭಾಗವನ್ನು ನೋಡಿದೆ: ಸುಂದರ ವಿಶ್ರಾಂತಿಯ ಮನೆ ಎಂದು ಫ್ರೆಂಚಿನಲ್ಲಿ ಬರೆದಿದೆ. ರಾಜರಿಗಾಗಿ ಬರೆಸಿದ ಆ ಮಾತು ಇಂದು ಪುಸ್ತಕಗಳಿಗೆ ಸಲ್ಲುತ್ತಿದೆಯೆಂದು ನನಗೆ ಸಮಾಧಾನವೆನಿಸಿತು.