ಹಳೆಯ ಕಂಪ್ಯೂಟರಿನ ಪೆಟ್ಟಿಗೆ: ಹವ್ಯಾಸಿಗೆ ಒದಗಿದ ಶಕ್ತಿಮೂಲ

ಕಂಪ್ಯೂಟರು ಹಳತಾಗಿ ಮೂಲೆ ಸೇರಿತೆಂದರೆ ಅದನ್ನು ತೂಕದ ಲೆಕ್ಕದಲ್ಲಿ ಗುಜರಿಯವನಿಗೆ ಒಪ್ಪಿಸುವುದು ವಾಡಿಕೆ. ಆದರೆ ಅದರೊಳಗೆ ಫ್ಯಾನಿನೊಡನೆ ಕುಳಿತಿರುವ ತಗಡಿನ ಪೆಟ್ಟಿಗೆಯೊಂದನ್ನು ಅಷ್ಟು ಬೇಗ ತ್ಯಾಜ್ಯವೆಂದೆಣಿಸತಕ್ಕದ್ದಲ್ಲ. ಅಂಗಡಿಯವರು ‘ಎಸ್.ಎಂ.ಪಿ.ಎಸ್.’ ಎಂದು ಕರೆಯುವ ಈ ಪೆಟ್ಟಿಗೆ, ಗೋಡೆಯ ೨೩೦ ವೋಲ್ಟಿನ ವಿದ್ಯುತ್ತನ್ನು ಪಡೆದು ೩.೩, ೫ ಹಾಗೂ ೧೨ ವೋಲ್ಟಿನ ಏಕಮುಖ ವಿದ್ಯುತ್ತನ್ನಾಗಿ ಮಾರ್ಪಡಿಸುತ್ತದೆ. ಎಲೆಕ್ಟ್ರಾನಿಕ್ಸ್ ಹವ್ಯಾಸಿಗೆ ಬಹುಮಟ್ಟಿಗೆ ಬೇಕಾದುವೂ ಇವೇ. ಪ್ರಯೋಗಶಾಲೆಯ ಪವರ್ ಸಪ್ಲೈ ಕೊಳ್ಳಲು ಕೈ ಸಾಲದ ವಿದ್ಯಾರ್ಥಿಗೆ ಇದು ಒದಗಿಬಂದ ಭಾಗ್ಯವೇ ಸರಿ. ಆದರೆ ಅದರ ಬೆನ್ನಿಗೇ ಅಪಾಯವೂ ಇರುವುದನ್ನು ಮೊದಲೇ ಅರಿತಿರಬೇಕು.

ಬಣ್ಣಗಳ ಕಟ್ಟಳೆ

ಇಂಟೆಲ್ ಸಂಸ್ಥೆಯು ೧೯೯೫ರಲ್ಲಿ ‘ಎ.ಟಿ.ಎಕ್ಸ್.’ ಎಂಬ ಮಾದರಿಯನ್ನು ಹೊರತಂದಿತು. ಈ ಮಾದರಿಯಲ್ಲಿ ತಂತಿಗಳಿಗೆ ಬಣ್ಣಗಳ ಕಟ್ಟಳೆಯುಂಟು. ಕಿತ್ತಳೆಯದು ೩.೩ ವೋಲ್ಟು, ಕೆಂಪಿನದು ೫, ಹಳದಿಯದು ೧೨. ಕಪ್ಪು ತಂತಿ ಇವೆಲ್ಲಕ್ಕೂ ಸಮಾನವಾದ ಮರುದಾರಿ, ಅಂದರೆ ಸೊನ್ನೆ ವೋಲ್ಟು. ಪ್ಲಗ್ಗನ್ನು ಸಿಕ್ಕಿಸಿದ ಮಾತ್ರಕ್ಕೆ ಪೆಟ್ಟಿಗೆ ಎಚ್ಚರಗೊಳ್ಳದು. ಹಸಿರು ತಂತಿಯನ್ನು ಕಪ್ಪು ತಂತಿಗೆ ಜೋಡಿಸಿದಾಗಲೇ ಫ್ಯಾನು ತಿರುಗತೊಡಗುತ್ತದೆ. ಇವೆರಡರ ನಡುವೆ ಸಣ್ಣ ಸ್ವಿಚ್ಚೊಂದನ್ನಿಟ್ಟರೆ ಕೆಲಸ ಸುಗಮ. ಇತ್ತೀಚಿನ ಕೆಲವು ಪೆಟ್ಟಿಗೆಗಳಲ್ಲಿ ತಂತಿಗಳೆಲ್ಲವೂ ಕಪ್ಪೇ ಆಗಿರುವುದರಿಂದ ಮಲ್ಟಿಮೀಟರಿನಿಂದ ಅಳೆಯದೆ ಮುಂದುವರಿಯಲಾಗದು.

ಹಳೆಯ ಕೆಲವು ಪೆಟ್ಟಿಗೆಗಳು ಹೊರೆಯಿಲ್ಲದೆ ಸ್ಥಿರವಾಗಿ ನಡೆಯವು. ಕೆಂಪು ಕಪ್ಪುಗಳ ನಡುವೆ ೧೦ ಓಮಿನ ರೆಸಿಸ್ಟರನ್ನಿಟ್ಟರೆ ಅರ್ಧ ಆಂಪಿಯರ್ ಹರಿಯುತ್ತದೆ. ಅದರಿಂದ ಹುಟ್ಟುವ ಶಾಖ ೨.೫ ವ್ಯಾಟ್, ಆದುದರಿಂದ ೧೦ ವ್ಯಾಟಿನ ರೆಸಿಸ್ಟರನ್ನೇ ಆರಿಸುವುದು ಲೇಸು.

ಗುಣವೇ ಗಂಡಾಂತರ

ಈ ಪೆಟ್ಟಿಗೆಯ ದೊಡ್ಡ ಗುಣವೆಂದರೆ ಅದರ ಧಾರಾಳತನ. ಐದು ವೋಲ್ಟಿನಲ್ಲಿ ೨೦ ಆಂಪಿಯರ್ ಕೊಡಬಲ್ಲ ಪೆಟ್ಟಿಗೆಗಳು ಸಾಮಾನ್ಯ. ಗಂಡಾಂತರವೂ ಇಲ್ಲಿಯೇ ಇದೆ. ತಂತಿಗಳು ನೇರವಾಗಿ ತಗಲಿದರೆ ಪೆಟ್ಟಿಗೆ ತಾನೇ ನಿಂತುಬಿಡಬಹುದು. ಆದರೆ ನಮ್ಮ ಮಂಡಲದೊಳಗಿನ ತಪ್ಪಿನಿಂದ ೧೦ ಆಂಪಿಯರ್ ಹರಿದರೆ ಅದಕ್ಕದು ತಪ್ಪೆಂದು ತೋರುವುದೇ ಇಲ್ಲ. ನಿತ್ಯದ ದುಡಿಮೆಯೆಂದೇ ಭಾವಿಸಿ ಕೊಡುತ್ತಲೇ ಇರುತ್ತದೆ. ಅಷ್ಟರಲ್ಲಿ ಸಣ್ಣ ತಂತಿ ಕೆಂಪಗೆ ಕಾದು ಹೊದಿಕೆ ಉರಿಯುತ್ತದೆ. ಪ್ರಯೋಗಶಾಲೆಯ ಯಂತ್ರದಲ್ಲಿ ಪ್ರವಾಹಕ್ಕೆ ಮಿತಿ ಹಾಕುವ ಗುಂಡಿಯುಂಟು. ಇಲ್ಲಿ ಆ ಕೆಲಸವನ್ನು ಫ್ಯೂಸಿನಿಂದ ಮಾಡಿಸಿಕೊಳ್ಳಬೇಕು. ಪ್ರಯೋಗಕ್ಕೆ ತಕ್ಕಂತೆ ೧ ಅಥವಾ ೨ ಆಂಪಿಯರಿನ ಫ್ಯೂಸನ್ನು ಪ್ರತಿಯೊಂದು ಹೊರದಾರಿಗೂ ಹಾಕತಕ್ಕದ್ದು.

ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯವಾದುದು: ಪೆಟ್ಟಿಗೆಯ ಮುಚ್ಚಳವನ್ನು ತೆರೆಯಲೇಬಾರದು. ಒಳಗಿನ ಕೆಪಾಸಿಟರುಗಳಲ್ಲಿ ಸುಮಾರು ೩೨೫ ವೋಲ್ಟು ತುಂಬಿದ್ದು, ಪ್ಲಗ್ಗನ್ನು ಕಿತ್ತ ಮೇಲೂ ಅದು ಉಳಿದಿರಬಹುದು. ಪ್ರಾಣಕ್ಕೆ ಎರವಾಗಲು ಅಷ್ಟು ಸಾಕು. ತಗಡಿಗೆ ರಂಧ್ರ ಕೊರೆದು ಟರ್ಮಿನಲ್ಲುಗಳನ್ನು ಕೂರಿಸುವ ಉತ್ಸಾಹವನ್ನು ಬಿಟ್ಟು, ೨೪ ಪಿನ್ನಿನ ಕನೆಕ್ಟರನ್ನು ಹಾಗೆಯೇ ಸಿಕ್ಕಿಸಬಹುದಾದ ಬ್ರೇಕ್‌ಔಟ್ ಬೋರ್ಡನ್ನು ಕೊಂಡರೆ ಕೆಲಸವೆಲ್ಲ ಹೊರಗೇ ಮುಗಿಯುತ್ತದೆ. ಇಂತಹ ಬಿಡಿಭಾಗಗಳನ್ನು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚ್ಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆಗಳಲ್ಲಿ ವಿಚಾರಿಸಬಹುದು. ಪೆಟ್ಟಿಗೆಯನ್ನು ಅರ್ತಿಂಗ್ ಸರಿಯಾಗಿರುವ ಮೂರು ಪಿನ್ನಿನ ಸಾಕೆಟ್ಟಿಗೇ ಸೇರಿಸಬೇಕು.

ಇಷ್ಟನ್ನು ಪಾಲಿಸಿದಲ್ಲಿ ಎಲ್.ಇ.ಡಿ. ದೀಪಗಳು, ಸಣ್ಣ ಮೋಟಾರುಗಳು, ಆರ್ಡುಯಿನೊ ಬೋರ್ಡುಗಳು ಮೊದಲಾದುವನ್ನು ನಡೆಸಲು ಈ ಪೆಟ್ಟಿಗೆ ಬಹುಕಾಲ ನೆರವಾಗಬಲ್ಲುದು. ಮನೆಯ ಮಕ್ಕಳು ಇದನ್ನು ಕೇಳಿದಾಗ ಹಿರಿಯರು ಬೇಡವೆನ್ನಬೇಕಾಗಿಲ್ಲ; ಮೊದಲ ಫ್ಯೂಸನ್ನು ಹಾಕುವಾಗ ಬಳಿಯಲ್ಲಿದ್ದು ನೋಡಿಕೊಂಡರೆ ಸಾಕು.